ಮಸ್ಕತ್ ವಾರ್ತೆ

ಸೀನುವಿನ ದನಿ ಕೇಳದೆ ಅಮ್ಮಣ್ಣಿಗೆ ಬೆಳಗಿನ ಕಾಫಿ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಮಸ್ಕತ್ತಿನಲ್ಲಿ ಸ್ಟೋರ್ ಕೀಪರ್ ಆಗಿದ್ದ ಈ ಕಿರಿಯ ಮಗ ದಿನಾ ಬೆಳಿಗ್ಗೆ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸುತ್ತಿದ್ದ. ಐದು ನಿಮಿಷಕ್ಕೆ ಕಡಿಮೆ ಎಂಬುದೇ ಇಲ್ಲ. ಅಲ್ಲಿಂದ ವಾಟ್ಸಾಪಿನಲ್ಲಿ ಕರೆ ಮಾಡಿದರೆ ಲೈನು ಸಿಗುವುದಿಲ್ಲ ಎಂದು ಶುರುವಾದ ಅಭ್ಯಾಸ ಆಮೇಲೆ ಚಟವಾಯಿತು. ಅಲ್ಲಿನ ಬಿಸಿಲು, ಅಲ್ಲಿನ ರಸ್ತೆ, ಯಾವ ದೇಶ ಯಾವ ದೇಶದ ಮೇಲೆ ಯುದ್ಧಕ್ಕೆ ಹೊರಟಿದೆ, ಅದಕ್ಕೆ ಸೀನುವಿನ ಅಭಿಪ್ರಾಯವೇನು, ಎಲ್ಲವೂ ಅದರಲ್ಲಿ ಇರಬೇಕು. ಕೊನೆಯಲ್ಲಿ ಬೆಂಗಳೂರಿಗೆ ಒಂದಿಷ್ಟು ಬೈಗುಳ. ಗುಂಪಿನಲ್ಲಿ ಅವನನ್ನು ಬಿಟ್ಟರೆ ಬೇರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಬಂತಾ ಮಸ್ಕತ್ ವಾರ್ತೆ?" ಎಂದು ಹಿರಿಯ ಮಗ ನಂದಕುಮಾರ್ ಬಚ್ಚಲಿನಿಂದಲೇ ಕೇಳುತ್ತಿದ್ದ. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವರ ಮೂರು ಅಂತಸ್ತಿನ ಮನೆ. ಹಿಂದೆ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಅವನ ಸಿಮೆಂಟು, ಪೇಂಟಿನ ಅಂಗಡಿ.

ಸೀನುವಿನ ಹೆಂಡತಿ ಸರಸ್ವತಿ ಫೋನನ್ನು ಅತ್ತೆಯ ಪಕ್ಕದಲ್ಲಿಟ್ಟು ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದಳು. ಒಂದು ಕಿವಿ ಅತ್ತಲೇ ಇಟ್ಟು ಅವಳೂ ಕೇಳುತ್ತಿದ್ದಳು.

"ಎಲ್ರಿಗೂ ನಮಸ್ಕಾರ. ಸೀನು ಮಾತಾಡ್ತಿರೋದು, ಮಸ್ಕತ್ತಿಂದ. ಇವತ್ತು ಇಲ್ಲಿ ನಲವತ್ನಾಲ್ಕು ಡಿಗ್ರಿ ಬಿಸ್ಲು. ಮಧ್ಯಾಹ್ನ ಮೂರು ಗಂಟೆ ಹೊತ್ತು ಹೊರಗಡೆ ಯಾರ ಕೈಲೂ ಕೆಲಸ ಮಾಡಿಸೋ ಹಾಗಿಲ್ಲ, ಕಾನೂನು. ಕಾರು ಗಲೀಜಾಗಿದ್ರೂ ಫೈನು. ಬಾಲ್ಕನೀಲಿ ಬಟ್ಟೆ ಒಣಗಾಕಿದ್ರೂ ಫೈನು. ಅಣ್ಣ, ನೀನು ಅಂಗಡಿ ಮುಂದೆ ಫುಟ್‌ಪಾತ್ ಮೇಲೆ ಮರಳು ಸುರಿಸಿದೀಯಂತೆ. ಇಲ್ಲಾಗಿದ್ರೆ ಅಂಗಡೀಗೇ ಬೀಗ ಹಾಕ್ಸೋರು."

"ಇಲ್ಲಾಗಿದ್ರೆ, ಇಲ್ಲಾಗಿದ್ರೆ," ಎಂದು ನಂದಕುಮಾರ್ ಟವೆಲಿನಲ್ಲಿ ತಲೆ ಒರೆಸುತ್ತ ಬಂದ. "ಮರಳಿನ ವಿಷ್ಯ ಅವ್ನಿಗೆ ಹೇಳ್ದೋರು ಯಾರು?"

ನಂದಕುಮಾರನ ಹೆಂಡತಿ ಸತ್ಯಭಾಮಾ ಓರಗಿತ್ತಿಯ ಬೆನ್ನನ್ನೇ ನೋಡಿದಳು. ಸರಸ್ವತಿ ದೋಸೆ ಮಗುಚಿದಳು.

"ಅವ್ನು ಹೇಳೋದ್ರಲ್ಲಿ ತಪ್ಪೇನೈತೆ?" ಎಂದಳು ಅಮ್ಮಣ್ಣಿ. "ಹೋದ ವಾರ ಆ ಮರಳಿನ ಮೇಲೆ ನಾನೇ ಜಾರಿದ್ದೆ."

ಎರಡು ವರ್ಷಕ್ಕೊಮ್ಮೆ ಸೀನು ಬರುತ್ತಿದ್ದ. ಬಂದ ದಿನ ಆ ಮನೆಯಲ್ಲಿ ಒಂದು ಪದ್ಧತಿ. ಸೂಟ್‌ಕೇಸನ್ನು ನಡುಮನೆಯಲ್ಲಿ ಅಮ್ಮಣ್ಣಿಯ ಮುಂದೆ ಇಡಬೇಕು. ಅದಕ್ಕೆ ಕುಂಕುಮ ಇಟ್ಟು ಅವಳೇ ಬೀಗ ತೆಗೆಯಬೇಕು. ಮೊದಲು ಖರ್ಜೂರದ ಡಬ್ಬಿ ಹೊರಬಂದು, ಅವಳ ಕೈಯಿಂದ ಎಲ್ಲರಿಗೂ ಒಂದೊಂದು. ಆಮೇಲೆ ಸೆಂಟು, ಸೋಪು, ಹಾಲಿನ ಪುಡಿ, ತಲೆನೋವಿನ ಎಣ್ಣೆ, ಬಾದಾಮಿ. ಪೆಟ್ಟಿಗೆ ಬಿಚ್ಚುವ ತನಕ ಒಲೆಯ ಮೇಲಿನ ಅನ್ನ ಬಡಿಸುವಂತಿರಲಿಲ್ಲ. ಯಾರಿಗೆ ಏನು ಬಂತು, ಯಾರಿಗೆ ಬರಲಿಲ್ಲ ಎಂಬುದರ ಮೇಲೆ ಆರು ತಿಂಗಳು ಮಾತು ನಡೆಯುತ್ತಿತ್ತು. ಆ ದಿನಗಳಲ್ಲಿ ಸರಸ್ವತಿ ಆ ಮನೆಯಲ್ಲಿ ತಲೆ ಎತ್ತಿ ಓಡಾಡುತ್ತಿದ್ದಳು. ಮಿಕ್ಕ ದಿನಗಳಲ್ಲಿ ಅವಳಿಗಿದ್ದದ್ದು ಬೆಳಗಿನ ಈ ಐದು ನಿಮಿಷವೇ.

ಆಷಾಢದಲ್ಲಿ ಅಮ್ಮಣ್ಣಿ ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಎಂಬತ್ತಮೂರರ ದೇಹಕ್ಕೆ ಆಪರೇಷನ್ ತಡೆಯುವುದಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿಬಿಟ್ಟರು. ನಡುಮನೆಯಲ್ಲೇ ಮಂಚ ಹಾಕಿದರು. ಎತ್ತಬೇಕು, ಒರೆಸಬೇಕು, ಬಟ್ಟೆ ಬದಲಾಯಿಸಬೇಕು, ಗಂಜಿ ಕುಡಿಸಬೇಕು. ಶ್ರಾವಣ ಕಾಲಿಡುವಷ್ಟರಲ್ಲಿ ಇಬ್ಬರು ಸೊಸೆಯಂದಿರ ಮಧ್ಯೆ ಮಾತು ಬಿರುಸಾಗಿತ್ತು.

"ಬೆಳಿಗ್ಗೆದು ನಂದು, ಸಂಜೆದು ನಿಂದು ಅಂತಾನೇ ಮಾತಾಗಿದ್ದಿದ್ದು," ಎಂದಳು ಸತ್ಯಭಾಮಾ, ಬಕೆಟ್ಟನ್ನು ನೆಲಕ್ಕೆ ಕುಕ್ಕಿ. "ನಿನ್ನೆ ಸಂಜೆ ಎಲ್ಲಿದ್ದೆ?"

"ಮಗಳನ್ನ ಟ್ಯೂಷನ್ನಿಂದ ಕರ್ಕೊಂಡು ಬರೋಕೆ ಹೋಗಿದ್ದೆ ಅಕ್ಕ. ಅರ್ಧ ಗಂಟೆ."

"ಆ ಅರ್ಧ ಗಂಟೆ ಅತ್ತೆ ಒದ್ದೇಲಿ ಮಲಗಿದ್ರು."

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಸೀನು. ಆ ದಿನದ ವಾರ್ತೆ ಬೇರೆಯೇ ಇತ್ತು. "ಅವ್ವನ್ನ ಎರಡು ಗಂಟೆಗೊಂದ್ಸಲ ಮಗ್ಗಲು ಬದಲಾಯಿಸ್ತಿದೀರಾ? ಇಲ್ಲಿ ಆಸ್ಪತ್ರೇಲಿ ಅದಕ್ಕೇ ಒಬ್ಬ ನರ್ಸು ಇರ್ತಾಳೆ, ಗೋಡೆ ಮೇಲೆ ಚಾರ್ಟ್ ಅಂಟ್ಸಿರ್ತಾರೆ. ಟೈಮ್ ಬರ್ದು ಸೈನ್ ಹಾಕ್ಬೇಕು. ನಮ್ಮಲ್ಲಿ ಎಲ್ಲಾ ಹಣೆಬರಹದ ಮೇಲೆ ಬಿಡ್ತಾರೆ. ಅದೇ ನಮ್ಮ ದೇಶದ ತೊಂದ್ರೆ."

ಸತ್ಯಭಾಮಾ ಸೆರಗಿನಿಂದ ಕೈ ಒರೆಸಿಕೊಂಡಳು. "ಅತ್ತೆಗೆ ಇಬ್ರು ಗಂಡ್ಮಕ್ಳು. ಒಬ್ರು ಇಲ್ಲಿ ಎತ್ತಿ ಮಲಗಿಸ್ತಾರೆ. ಇನ್ನೊಬ್ರು ಹೇಗೆ ಮಲಗಿಸ್ಬೇಕು ಅಂತ ಅಲ್ಲಿಂದ ಪಾಠ ಹೇಳ್ತಾರೆ. ಚಾರ್ಟ್ ಅಂಟಿಸ್ಕೋಬೇಕಂತೆ. ಅಂಟಿಸ್ಕೊಳ್ಳೇ, ನಿನ್ನ ಗಂಡ ಬಂದು ಸೈನ್ ಹಾಕ್ಲಿ."

ಸರಸ್ವತಿಗೆ ಉರಿದುಹೋಯಿತು. ಆದರೆ ಸತ್ಯಭಾಮಾ ಹೇಳಿದ್ದರಲ್ಲಿ ಸುಳ್ಳೇನಿತ್ತು? ಬಕೆಟ್ಟು ಎತ್ತಿಕೊಂಡು ಹೋದಳು.

ಅಮ್ಮಣ್ಣಿಗೆ ಮಾತ್ರ ಈ ಜಗಳ ಯಾವುದೂ ಬೇಕಿರಲಿಲ್ಲ. ಅವಳದ್ದು ಒಂದೇ ಹಟ. ಕೊನೆಗಾಲದಲ್ಲಿ ಮಕ್ಕಳ ಕೈಯಿಂದ ಬಾಯಿಗೆ ನೀರು ಬೀಳಬೇಕು. "ಹಿರಿಯೋನು ಇಲ್ಲೇ ಅವ್ನೆ, ಬಿಡ್ತಾನೆ. ಸೀನು ಕೈಯಿಂದ ಎರಡು ತೊಟ್ಟು ಬಿದ್ರೆ ನಾನು ಹೊರಟೆ. ಅಲ್ಲಿಗಂಟ ಈ ಜೀವ ಹೋಗಕಿಲ್ಲ. ಬರಾಕೆ ಹೇಳು ಸರಸ್ವತಿ."

ಸರಸ್ವತಿ ಹೇಳಿದಳು. ಒಂದು ಸಲ ಅಲ್ಲ, ಹತ್ತು ಸಲ ಬರೆದು ಕಳಿಸಿದಳು. ಉತ್ತರವಾಗಿ ಬಂದದ್ದು ಅಂತರರಾಷ್ಟ್ರೀಯ ಪರಿಸ್ಥಿತಿ. ಆ ಕಡೆ ಯುದ್ಧದ ಗದ್ದಲ ಎದ್ದಿದೆ, ಆಕಾಶಮಾರ್ಗ ಇವತ್ತು ಮುಚ್ಚುತ್ತಾರೋ ನಾಳೆ ಮುಚ್ಚುತ್ತಾರೋ ಗೊತ್ತಿಲ್ಲ, ಕಂಪನಿಯಲ್ಲಿ ಯಾರಿಗೂ ರಜೆ ಇಲ್ಲ, ದೊಡ್ಡ ದೇಶಗಳು ಚಿಕ್ಕವರನ್ನು ಬದುಕಲು ಬಿಡುವುದಿಲ್ಲ ಎಂದು ಆರೂವರೆ ನಿಮಿಷ ಮಾತಾಡಿದ.

ಪಿಯುಸಿ ಓದುತ್ತಿದ್ದ ಮಗಳು ಸಮನ್ವಿತಾ ಅಡುಗೆಮನೆಗೆ ಬಂದು ಫೋನು ತೋರಿಸಿದಳು. "ಅಮ್ಮ, ನೋಡಿಲ್ಲಿ. ಮಸ್ಕತ್ತಿಂದ ಬೆಂಗಳೂರಿಗೆ ದಿನಾ ಫ್ಲೈಟ್ ಬರ್ತಿದೆ. ಯಾವ್ದೂ ಮುಚ್ಚಿಲ್ಲ. ಅಪ್ಪ ಯಾಕೆ ಹೀಗಂತಾರೆ?"

"ಅವ್ರಿಗೆ ಗೊತ್ತಿರತ್ತೆ. ನೀನು ಓದ್ಕೋ ಹೋಗು."

"ದೊಡ್ಡಮ್ಮ ಅಂತಿದ್ರು, ಅಪ್ಪಂಗೆ ಅಲ್ಲಿ ಇನ್ನೊಂದು ಸಂಸಾರ ಇರ್ಬೇಕು ಅಂತ."

ಸರಸ್ವತಿ ಹೆಚ್ಚುತ್ತಿದ್ದ ಹೀರೇಕಾಯಿಯನ್ನು ಬಿಟ್ಟು ಮಗಳ ಮುಖ ನೋಡಿದಳು. ಹಾಗಂದರೆ ಏನೆಂದು ತಿಳಿಯದ ವಯಸ್ಸಲ್ಲ ಅದು. "ದೊಡ್ಡಮ್ಮ ತಮಾಷೆಗೆ ಅಂದಿರ್ತಾರೆ," ಎಂದಳು. ಆ ಮಧ್ಯಾಹ್ನ ಅವಳು ಊಟ ಮಾಡಲಿಲ್ಲ.

ಗೌರಿ ಹಬ್ಬಕ್ಕೆ ಒಂದು ವಾರ ಇತ್ತು. ಆ ಬೆಳಿಗ್ಗೆ ಮಿಕ್ಸಿಯಲ್ಲಿ ಚಟ್ನಿ ತಿರುಗುತ್ತಿತ್ತು, ನಂದಕುಮಾರ್ ಫೋನಿನಲ್ಲಿ ಸಿಮೆಂಟ್ ಲಾರಿಯವನನ್ನು ಬೈಯುತ್ತಿದ್ದ. ಅಮ್ಮಣ್ಣಿ ಸೀನುವಿನ ಸಂದೇಶವನ್ನು ಚೆನ್ನಾಗಿ ಕೇಳುವ ಬಲಗಿವಿಗೆ ಒತ್ತಿಕೊಂಡು ಮಲಗಿದ್ದಳು. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿದಳು. ಮತ್ತೊಂದು ಸಲ. ಆಮೇಲೆ ಫೋನು ಎದೆಯ ಮೇಲಿಟ್ಟುಕೊಂಡು ನಕ್ಕಳು.

"ಸೀನು ಇಲ್ಲೇ ಬಂದವ್ನೆ."

"ಎಲ್ಲಿ ಬಂದವ್ರೆ ಅತ್ತೆ?" ಎಂದಳು ಸತ್ಯಭಾಮಾ.

"ಇಲ್ಲೇ, ಬೆಂಗಳೂರಲ್ಲೇ ಅವ್ನೆ. ಹಿಂದ್ಗಡೆ ಕಸದ ಗಾಡಿ ಕೂಗ್ತು. ಹಸಿ ಕಸ, ಒಣ ಕಸ ಅಂತ."

ನಂದಕುಮಾರ್ ಫೋನು ಇಳಿಸಿ ಹೆಂಡತಿಯನ್ನು ನೋಡಿದ. ಸತ್ಯಭಾಮಾ ಹಣೆಯ ಮೇಲೆ ಬೆರಳು ತಿರುಗಿಸಿ ತೋರಿಸಿದಳು. "ಅದು ನಮ್ಮ ಬೀದೀಲಿ ಕೂಗಿದ್ದು ಅವ್ವ," ಎಂದ ಅವನು, ಮಗುವಿಗೆ ಹೇಳುವಂತೆ. "ಗಾಡಿ ಈಗ ತಾನೇ ಹೋಯ್ತು."

"ನಮ್ಮ ಬೀದಿ ಗಾಡಿ ಇನ್ನೂ ಬಂದಿಲ್ಲ ಕಣೋ. ಕಸ ಬಾಗಿಲಲ್ಲೇ ಐತೆ, ನೋಡೋಗು."

ಯಾರೂ ನೋಡಲು ಹೋಗಲಿಲ್ಲ. ಗಂಜಿ ಕುಡಿಸಲು ಕೂತ ಸರಸ್ವತಿಯ ಮುಂಗೈಯನ್ನು ಅಮ್ಮಣ್ಣಿ ಹಿಡಿದುಕೊಂಡಳು. ದನಿ ತಗ್ಗಿಸಿ ಹೇಳಿದಳು: "ಅವ್ನಿಗೆ ಹೇಳು. ಏನೂ ತರೋದು ಬ್ಯಾಡ. ಪೆಟ್ಟಿಗೆ ಬ್ಯಾಡ, ಖರ್ಜೂರ ಬ್ಯಾಡ. ಬರೀ ಕೈಯಲ್ಲಿ ಬಾ ಅಂತ ಹೇಳು."

ಸರಸ್ವತಿ ಒಗೆದ ಬಟ್ಟೆ ಹೊತ್ತು ತಾರಸಿಗೆ ಹೋದಳು. ಹೋಗುವಾಗ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಕಸದ ಬುಟ್ಟಿ ತುಂಬಿದ್ದು ತುಂಬಿದಂತೆಯೇ ಇತ್ತು. ತಾರಸಿಯಲ್ಲಿ ಮಗಳ ಇಯರ್‌ಫೋನು ಹಾಕಿಕೊಂಡು ಸಂದೇಶ ಕೇಳಿದಳು. "ಇಲ್ಲಿ ಬೆಳಿಗ್ಗೆ ಹೊತ್ತು ಎಷ್ಟು ನಿಶ್ಶಬ್ದ ಗೊತ್ತಾ? ಒಂದು ಹಾರನ್ ಇಲ್ಲ, ಕೂಗಾಟ ಇಲ್ಲ. ಜನಕ್ಕೆ ಶಿಸ್ತು ಅಂದ್ರೆ ಹುಟ್ಟಿನಿಂದ ಬರ್ಬೇಕು…" ಎಂದು ಗಂಡ ಹೇಳುತ್ತಿದ್ದ. ಅವನ ಮಾತಿನ ಹಿಂದೆ, ಎಲ್ಲೋ ಕೆಳಗಿನ ರಸ್ತೆಯಲ್ಲಿ, ಹೆಂಗಸಿನ ದನಿಯ ರೆಕಾರ್ಡು: ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡಿ.

ಕೈಯಲ್ಲಿದ್ದ ಅತ್ತೆಯ ಸೀರೆ ಒದ್ದೆ ನೆಲಕ್ಕೆ ಬಿತ್ತು. ಇತ್ತೀಚೆಗೆ ಸಂದೇಶ ಯಾಕೆ ಏಳಕ್ಕೆ ಮುಂಚೆಯೇ ಬರುತ್ತದೆ, ಮೊದಲೆಲ್ಲ ಅಲ್ಲಿ ಏಳಾದಾಗ, ಇಲ್ಲಿಯ ಎಂಟೂವರೆಗೆ ಬರುತ್ತಿತ್ತಲ್ಲ ಎಂಬುದೂ ಆಗಲೇ ಹೊಳೆಯಿತು. ಅಲ್ಲಿಯೇ ನಿಂತು ವಾಟ್ಸಾಪ್ ಕರೆ ಒತ್ತಿದಳು. ಎಂದೂ ಸಿಗದ ಲೈನು ಎರಡೇ ರಿಂಗಿಗೆ ಸಿಕ್ಕಿತು.

"ಏನು ಸರಸೂ, ಈ ಹೊತ್ನಲ್ಲಿ? ಅವ್ವಂಗೇನಾದ್ರೂ…"

"ನಿಮ್ಮ ರಸ್ತೆಗೆ ಕಸದ ಗಾಡಿ ಎಷ್ಟು ಗಂಟೆಗೆ ಬರತ್ತೆ?"

ಆ ಕಡೆ ಯಾರೋ ನಲ್ಲಿ ತಿರುಗಿಸಿದ ಸದ್ದು, ಬಕೆಟ್ಟಿಗೆ ನೀರು ಬೀಳುವ ಸದ್ದು.

"ಆರೂ ಮುಕ್ಕಾಲಿಗೆ," ಎಂದ ಸೀನು.

ಸೋಮವಾರ ಬೆಳಿಗ್ಗೆ ಔಷಧಿ ತರುತ್ತೇನೆಂದು ಹೇಳಿ ಸರಸ್ವತಿ, ಸೀನು ಫೋನಿನಲ್ಲಿ ಕೊಟ್ಟ ವಿಳಾಸ ಹಿಡಿದು, ಸಾರಕ್ಕಿ ಸಿಗ್ನಲ್ಲಿನಲ್ಲಿ ರಿಂಗ್ ರೋಡಿನ ಬಸ್ಸು ಹತ್ತಿದಳು. ಬಿ.ಟಿ.ಎಂ. ಲೇಔಟಿಗೆ ಮುಕ್ಕಾಲು ಗಂಟೆ, ಅದೂ ಟ್ರಾಫಿಕ್ಕಿನ ದೆಸೆಯಿಂದ. ನಡೆದೇ ಬಂದಿದ್ದರೂ ಒಂದೂವರೆ ಗಂಟೆ ಸಾಕು. ಐದು ತಿಂಗಳಿಂದ ಗಂಡ ಇಷ್ಟು ಹತ್ತಿರದಲ್ಲಿದ್ದ.

ಪೀಜಿಯ ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆಗೆ ನಾಲ್ಕು ಮಂಚ. ಮಿಕ್ಕ ಮೂವರು ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗರು. "ಅಂಕಲ್, ಯಾರೋ ಆಂಟಿ ಬಂದಿದಾರೆ," ಎಂದು ಹೇಳಿ ಹೊರಗೆ ಹೋದರು. ಸೀನು ಬನಿಯನ್ನಿನಲ್ಲಿದ್ದ. ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರಿಂದ ಹತ್ತು ವರ್ಷ ದೊಡ್ಡವನಾಗಿ ಕಂಡ. ತನ್ನ ದಿಂಬು ಸರಿಸಿ ಅವಳಿಗೆ ಜಾಗ ಮಾಡಿದ.

ಮಸ್ಕತ್ತಿನಲ್ಲಿ ಸ್ಟೋರ್ ಕೀಪರ್‌ನಂಥ ಕೆಲಸಗಳನ್ನೆಲ್ಲ ಇನ್ನು ಮುಂದೆ ಆ ದೇಶದವರಿಗೇ ಕೊಡಬೇಕು ಎಂದಾಗಿ ಸೀನುವಿನ ಕೆಲಸ ಹೋಗಿತ್ತು. ಸರಸ್ವತಿಗೆ ಆ ವಾರ್ತೆ ನೆನಪಿತ್ತು. ಹೋದ ವರ್ಷ ಸೀನುವೇ ಗುಂಪಿನಲ್ಲಿ ಹೇಳಿದ್ದ: ಒಳ್ಳೆಯ ಕಾನೂನು, ಅವರ ದೇಶದ ಕೆಲಸ ಅವರ ಹುಡುಗರಿಗೆ, ಇದು ನಮ್ಮಲ್ಲೂ ಬರಬೇಕು.

"ನನ್ ಜಾಗಕ್ಕೆ ಬಂದೋನಿಗೆ ನನ್ ಕೈಲೇ ಟ್ರೈನಿಂಗ್ ಕೊಡ್ಸಿದ್ರು," ಎಂದ. "ಒಳ್ಳೆ ಹುಡ್ಗ. ಹೊರಡೋ ದಿನ ಊಟ ಹಾಕಿಸ್ದ."

"ಈಗೇನು ಮಾಡ್ತಿದೀರಿ?"

"ಹತ್ತು ನಿಮಿಷಕ್ಕೆ ಮನೆಗೆ ದಿನಸಿ ತಂದ್ಕೊಡ್ತಾರಲ್ಲ, ಅಂಥಾದ್ದೊಂದು ಗೋದಾಮು. ಸ್ಟಾಕ್ ನೋಡ್ಕೊಳ್ಳೋದು. ಮಧ್ಯಾಹ್ನದ ಶಿಫ್ಟು. ಸೂಪರ್‌ವೈಸರ್‌ಗೆ ಇಪ್ಪತ್ನಾಲ್ಕು ವರ್ಷ."

"ಮತ್ತೆ ಮಸ್ಕತ್ ಸುದ್ದಿ ಎಲ್ಲ?"

ಸೀನು ಕಿಟಕಿಯ ಕಡೆ ನೋಡಿದ. "ಅಲ್ಲಿನ ಪೇಪರ್ ಫೋನಲ್ಲಿ ಬರತ್ತೆ. ಬೆಳಿಗ್ಗೆ ಎದ್ದು ಓದ್ಕೊಂಡು, ಮೇಲೆ ನೀರಿನ ಟ್ಯಾಂಕ್ ಹತ್ರ ಹೋಗಿ ಮಾತಾಡ್ತೀನಿ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಮನೆಗೆ ಬರ್ಬೇಕು ಅನ್ನಿಸ್ಲೇ ಇಲ್ವಾ ನಿಮಗೆ? ನಾನು ಸತ್ತಿದ್ನಾ? ಮಗಳು?"

"ಯಾವ ಮುಖ ಇಟ್ಕೊಂಡು ಬರ್ಲಿ? ಇಪ್ಪತ್ತು ವರ್ಷ ಅಣ್ಣಂಗೆ ಬುದ್ಧಿ ಹೇಳಿದೀನಿ. ರಸ್ತೆ ಸರಿಯಿಲ್ಲ, ಜನ ಸರಿಯಿಲ್ಲ, ನೀನು ಸರಿಯಿಲ್ಲ ಅಂತ. ಈಗ ಹೋಗಿ ಅವ್ನ ಅಂಗಡೀಲಿ ಸಿಮೆಂಟ್ ಮೂಟೆ ಎಣಿಸ್ಲಾ?"

"ಅತ್ತೆ ಇನ್ನು ಹೆಚ್ಚು ದಿನ ಇರಲ್ಲ ರೀ. ನೀವು ಎರಡು ತೊಟ್ಟು ನೀರು ಬಿಡ್ಲಿ ಅಂತ ಕಾಯ್ತಿದಾರೆ. ಎದ್ದೇಳಿ, ಈಗಲೇ ಬನ್ನಿ."

ಸೀನು ಎದ್ದ. ಅಂಗಿ ಹಾಕಿಕೊಂಡ. ಬಾಗಿಲ ತನಕ ಹೋದವನು ಅಲ್ಲೇ ನಿಂತ. "ಹೀಗೇ ಹೆಂಗೆ ಬರ್ಲಿ ಸರಸೂ? ಬರೀ ಕೈಯಲ್ಲಿ, ಚಪ್ಲೀಲಿ? ಎರಡೇ ದಿನ ಕೊಡು. ಬುಧವಾರದ ಫ್ಲೈಟು ಅಂತ ಗುಂಪಲ್ಲಿ ಹೇಳ್ತೀನಿ. ಸೂಟ್‌ಕೇಸ್ ಇದೆ, ಏರ್‌ಪೋರ್ಟಿನ ಚೀಟಿನೂ ಹಂಗೇ ಇದೆ. ಖರ್ಜೂರ, ಸೆಂಟು ಎಲ್ಲಾ ಶಿವಾಜಿನಗರದಲ್ಲಿ ಸಿಗತ್ತೆ. ಮರ್ಯಾದೆಯಾಗಿ ಬರ್ತೀನಿ. ಆಮೇಲೆ ನಿಧಾನಕ್ಕೆ ಎಲ್ಲಾ ಹೇಳೋಣ."

ಅತ್ತೆ ಹೇಳಿಕಳಿಸಿದ ಮಾತು ಸರಸ್ವತಿಯ ನಾಲಗೆಯ ತುದಿಯಲ್ಲಿತ್ತು. ಬರೀ ಕೈಯಲ್ಲಿ ಬಾ ಅಂತ ಹೇಳು. ಅದನ್ನು ಹೇಳಿದ್ದರೆ ಬಹುಶಃ ಅವನು ಬಂದುಬಿಡುತ್ತಿದ್ದ. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಕಂಡದ್ದು ನಡುಮನೆಯ ಬಾಗಿಲಲ್ಲಿ ನಿಂತ ಸತ್ಯಭಾಮಾಳ ಮುಖ. ಹವಾಯಿ ಚಪ್ಪಲಿ ಮೆಟ್ಟಿ, ನೆರೆತ ತಲೆಯಲ್ಲಿ ಬಂದು ನಿಂತ ಮಸ್ಕತ್ತಿನ ಮೈದುನ, ಅವನ ಹಿಂದೆ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಬಸ್ಸಿನಲ್ಲಿ ಬಂದ ಓರಗಿತ್ತಿ. ಆ ಮುಖದಲ್ಲಿ ಮೂಡುವ ನಗೆಯನ್ನು ಬದುಕಿರುವ ತನಕ ನೋಡಬೇಕಲ್ಲ.

"ಬುಧವಾರ ಖಂಡಿತ ಬರ್ಬೇಕು," ಎಂದಳು. ಮೆಟ್ಟಿಲಿಳಿಯುವಾಗ ತಿರುಗಿ, "ಅಕ್ಕಂಗೆ ಸೆಂಟು ಮರೀಬೇಡಿ," ಎಂದೂ ಹೇಳಿದಳು.

ಬುಧವಾರ ಬರುತ್ತೇನೆಂಬ ಸಂದೇಶ ಕೇಳಿ ಮನೆಯ ಗಾಳಿಯೇ ಬದಲಾಯಿತು. ನಂದಕುಮಾರ್ ಅಂಗಡಿಯ ಮುಂದಿನ ಮರಳನ್ನು ತೆಗೆಸಿದ. "ಬಂದಿದ್ದೇ ತಡ ಶುರು ಮಾಡ್ತಾನೆ," ಎಂದು ಗೊಣಗಿಕೊಂಡ, ಆದರೆ ಸಿಟ್ಟಿನಲ್ಲಲ್ಲ. ಸತ್ಯಭಾಮಾ ಮೈದುನನಿಗೆಂದು ಹಿತಕಿದ ಅವರೆಬೇಳೆ ಹುಡುಕಿದಳು. ಕಾಲವಲ್ಲದ ಕಾಲದಲ್ಲಿ ಎಲ್ಲಿ ಸಿಕ್ಕೀತು.

ಅಮ್ಮಣ್ಣಿ ಮಂಗಳವಾರ ರಾತ್ರಿಯಿಂದ ಗಂಜಿಯನ್ನು ನುಂಗಲಿಲ್ಲ. ಬುಧವಾರ ಹನ್ನೊಂದಕ್ಕೆ ಉಸಿರಿನ ಸದ್ದು ಅಡುಗೆಮನೆಗೆ ಕೇಳುವಂತಾಯಿತು. ಒಂದು ಗಂಟೆಗೆ ಡಾಕ್ಟರು ಬಂದು ನೋಡಿ, ಬರಬೇಕಾದವರು ಬಂದುಬಿಡಲಿ ಎಂದು ಹೇಳಿ ಹೋದರು.

ಸರಸ್ವತಿ ತಾರಸಿಗೆ ಓಡಿದಳು. "ಎಲ್ಲಿದೀರಿ? ಈಗಲೇ ಬನ್ನಿ."

"ಶಿವಾಜಿನಗರದಿಂದ ಹೊರಟು ಆಗ್ಲೇ ಅರ್ಧ ದಾರೀಲಿದೀನಿ. ಬನಶಂಕರಿ ಬಸ್ ಸ್ಟ್ಯಾಂಡಿಗೆ ಬಂದು ಕೂತಿರ್ತೀನಿ. ಅಲ್ಲಿಂದ ಹತ್ತು ನಿಮಿಷ."

"ಕೂತ್ಕೊಳ್ಳೋದು ಯಾಕೆ? ಸೀದಾ ಬನ್ನಿ."

"ಫ್ಲೈಟು ಇಳಿಯೋದೇ ನಾಲ್ಕೂ ಹತ್ತಕ್ಕೆ. ನಂಬರ್ ಕೂಡ ಗುಂಪಲ್ಲಿ ಹಾಕ್ಬಿಟ್ಟಿದೀನಿ. ಈಗ ಹೆಂಗೆ ಬಂದು ನಿಂತ್ಕೊಳ್ಲಿ?"

ಕೆಳಗೆ ಬಂದರೆ ಸಮನ್ವಿತಾಳ ಫೋನಿನ ಸುತ್ತ ಎಲ್ಲರೂ ಸೇರಿದ್ದರು. ಪರದೆಯ ಮೇಲೆ ನೀಲಿ ಸಮುದ್ರ, ಅದರ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನ. "ಇದೇ ಅಜ್ಜಿ, ಅಪ್ಪನ ಫ್ಲೈಟು," ಎಂದು ಅವಳು ಅಮ್ಮಣ್ಣಿಯ ಕಣ್ಣಿನ ಮುಂದೆ ಹಿಡಿದಳು. ನಂದಕುಮಾರ್ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. "ಬರ್ತಾವ್ನೆ ಅವ್ವ. ಸಮುದ್ರದ ಮೇಲವ್ನೆ. ಇನ್ನು ಸ್ವಲ್ಪ ಹೊತ್ತು ತಡ್ಕೋ."

ಅಮ್ಮಣ್ಣಿ ಆ ಫೋನನ್ನು ನೋಡಲಿಲ್ಲ. ಕಣ್ಣು ಸರಸ್ವತಿಯ ಮೇಲಿತ್ತು. ತುಟಿ ಅಲುಗಿತು, ಮಾತು ಹೊರಬರಲಿಲ್ಲ.

ಈಗಲಾದರೂ ಬಾಯಿ ಬಿಡಬಹುದಿತ್ತು. ಭಾವ, ಅವರು ಬನಶಂಕರಿಯಲ್ಲಿ ಕೂತಿದ್ದಾರೆ, ಸ್ಕೂಟರ್ ತೆಗೆಯಿರಿ ಎಂದರೆ ಹತ್ತು ನಿಮಿಷದ ಮಾತು. ಎರಡು ಸಲ ಸರಸ್ವತಿ "ಭಾವ" ಎಂದಳು. ಎರಡು ಸಲವೂ ನಂದಕುಮಾರ್ ತಲೆಯೆತ್ತಿ, "ಏನಮ್ಮ?" ಎಂದ. ಅವಳು "ನೀರು ಬಿಸಿ ಮಾಡ್ಲಾ?" ಎಂದಳು.

ಎರಡೂವರೆಗೆ ಅಮ್ಮಣ್ಣಿಯ ಉಸಿರು ನಿಂತಿತು. ವಿಮಾನ ಇನ್ನೂ ಸಮುದ್ರದ ಮೇಲೆಯೇ ಇತ್ತು.

ಆರೂವರೆಗೆ ಟ್ಯಾಕ್ಸಿ ಬಂದು ನಿಂತಿತು. ಸೀನು ತಲೆಗೆ ಬಣ್ಣ ಹಚ್ಚಿಸಿಕೊಂಡಿದ್ದ, ಹೊಸ ಅಂಗಿ ತೊಟ್ಟಿದ್ದ. ಸೂಟ್‌ಕೇಸಿನ ಹಿಡಿಗೆ ಏರ್‌ಪೋರ್ಟಿನ ಬಿಳಿ ಚೀಟಿ. ಬೀದಿಯ ಹೆಂಗಸರು ಅವನನ್ನು ನೋಡಿ ಗೊಳೋ ಎಂದರು. "ಸಮುದ್ರ ದಾಟಿ ಓಡ್ಬಂದವ್ನಿಗೆ ನಾಲ್ಕು ಗಂಟೆ ಕೊಡ್ಲಿಲ್ವಲ್ಲ ದೇವ್ರು," ಎಂದು ಎದುರು ಮನೆಯ ಲಕ್ಷ್ಮಮ್ಮ ಎದೆ ಬಡಿದುಕೊಂಡಳು. ಸೀನು ತಾಯಿಯ ಬಾಯಿಗೆ ನೀರು ಬಿಟ್ಟ. ಅದು ಒಳಗೆ ಹೋಗಲಿಲ್ಲ. ತುಟಿಯ ಅಂಚಿನಿಂದ ಇಳಿದು ದಿಂಬಿಗೆ ಹರಿಯಿತು.

ನಂದಕುಮಾರ್ ತಮ್ಮನನ್ನು ತಬ್ಬಿಕೊಂಡ. "ಅಳ್ಬೇಡ ಕಣೋ. ನಿನ್ ತಪ್ಪೇನಿಲ್ಲ. ಅಷ್ಟು ದೂರದಿಂದ ನೀನು ತಾನೇ ಏನು ಮಾಡ್ತೀಯ?"

ಮೊದಮೊದಲು ಸೀನು ಹೆಚ್ಚು ಮಾತಾಡಲಿಲ್ಲ. ಶಾಮಿಯಾನದ ಕೆಳಗೆ ಕೂತ ನೆಂಟರು ಬಿಡಬೇಕಲ್ಲ. ಅಲ್ಲಿ ಯುದ್ಧ ಹೇಗಿದೆ, ನಮ್ಮವರಿಗೆ ತೊಂದರೆಯಿಲ್ಲವಾ ಎಂದು ಒಬ್ಬೊಬ್ಬರೂ ಕೇಳಿದರು. ಎರಡನೆಯ ದಿನ ಅವನು "ಪರವಾಗಿಲ್ಲ" ಎಂದ. ಐದನೆಯ ದಿನದ ಹೊತ್ತಿಗೆ, ಅಲ್ಲಿಯ ಸರ್ಕಾರ ಬಹಳ ಜಾಣತನದಿಂದ ನಡೆದುಕೊಳ್ಳುತ್ತಿದೆ ಎಂದು ವಿವರಿಸುತ್ತಿದ್ದ. ಕಾಫಿ ಕೊಡಲು ಹೋದ ಸರಸ್ವತಿ ಲೋಟಗಳ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಸೂಟ್‌ಕೇಸು ನಡುಮನೆಯ ಮೂಲೆಯಲ್ಲಿ ಬೀಗ ಹಾಕಿದಂತೆಯೇ ಇತ್ತು. ಬಿಚ್ಚಬೇಕಾದವಳೇ ಇರಲಿಲ್ಲ. ಹನ್ನೊಂದನೆಯ ದಿನ ತಿಥಿ. ಅಮ್ಮಣ್ಣಿಯ ಫೋಟೋದ ಮುಂದೆ ಬಾಳೆಲೆ ಹಾಸಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ರಾಗಿ ಮುದ್ದೆ, ನಾಟಿ ಕೋಳಿ ಸಾರು, ಒಬ್ಬಟ್ಟು, ಎಲೆ ಅಡಿಕೆ, ಕಡ್ಡಿಪುಡಿ. ಸತ್ಯಭಾಮಾ ತಾನೇ ಸೂಟ್‌ಕೇಸಿಗೆ ಕುಂಕುಮ ಇಟ್ಟು ತೆರೆದು, ಖರ್ಜೂರದ ಡಬ್ಬಿ ತಂದಿಟ್ಟಳು. ತನ್ನ ಹೆಸರು ಬರೆದಿದ್ದ ಸೆಂಟಿನ ಬಾಟಲಿ ನೋಡಿ ಅತ್ತಳು. "ಅಷ್ಟು ಅವಸರದಲ್ಲೂ ನನ್ನ ನೆನಪಿಟ್ಕೊಂಡಿದಾರೆ," ಎಂದಳು. ಆಮೇಲೆ ಅವಳಿಗೇ ಹೊಳೆಯಿತು. "ಅತ್ತೆಗೆ ಎಲ್ಲಕ್ಕಿಂತ ಇಷ್ಟ ಸೀನು ಮಾತು. ಅದನ್ನೂ ಇಡಿ. ಸಮನ್ವಿತಾ, ನಿನ್ನ ಸ್ಪೀಕರ್ ತಾ. ಕೊನೆಕೊನೆಗೆ ಅವ್ರು ತುಂಬಾ ಸಲ ಕೇಳಿದ್ದು ಯಾವ್ದು?"

"ಗೊತ್ತು ದೊಡ್ಡಮ್ಮ. ದಿನಾ ನನ್ ಕೈಲಿ ಅದನ್ನೇ ಹಾಕಿಸ್ಕೊಂಡು ಕಿವಿಗೆ ಒತ್ಕೊಳ್ತಿದ್ರು," ಎಂದು ಸಮನ್ವಿತಾ ಫೋನಿನಲ್ಲಿ ಹುಡುಕಿದಳು.

ಅವಳ ಹೆಬ್ಬೆರಳು ಎಲ್ಲಿ ನಿಂತಿತೆಂದು ಸರಸ್ವತಿ ನೋಡಿದಳು. ಗೌರಿ ಹಬ್ಬದ ಹಿಂದಿನ ವಾರದ ತಾರೀಕು. ಬೇರೆಯದನ್ನು ಹಾಕು ಎನ್ನಬಹುದಿತ್ತು. ಇಷ್ಟು ದಿನ ಎಲ್ಲ ಕಡೆಯೂ ಬಾಯಿ ಮುಚ್ಚಿಕೊಂಡಿದ್ದವಳು, ಇಲ್ಲೂ ಮುಚ್ಚಿಕೊಂಡೇ ಇದ್ದಳು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಸತ್ತವರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು, ಮಾತಾಡಬಾರದು. ನಲವತ್ತು ಜನ ಹಜಾರದಲ್ಲಿ, ಮೆಟ್ಟಿಲ ಮೇಲೆ, ಬೀದಿಯಲ್ಲಿ ಸದ್ದಿಲ್ಲದೆ ನಿಂತರು. ಮುಚ್ಚಿದ ಬಾಗಿಲಿನಾಚೆ ಸೀನುವಿನ ದನಿ ಸ್ಪಷ್ಟವಾಗಿ ಶುರುವಾಯಿತು. ಅವತ್ತಿನ ಮಿಕ್ಸಿಯಿಲ್ಲ, ಸಿಮೆಂಟ್ ಲಾರಿಯವನಿಗೆ ಬೈಗುಳವಿಲ್ಲ.

"ಇಲ್ಲಿ ಬೆಳಿಗ್ಗೆ ಹೊತ್ತು ಎಷ್ಟು ನಿಶ್ಶಬ್ದ ಗೊತ್ತಾ? ಒಂದು ಹಾರನ್ ಇಲ್ಲ, ಕೂಗಾಟ ಇಲ್ಲ…"

ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡಿ, ಎಂದಿತು ಹಿಂದಿನ ದನಿ. ಇನ್ನೊಂದು ಸಲ ಎಂದಿತು. ಗಾಡಿ ಹತ್ತಿರ ಬಂದಿರಬೇಕು, ಮೂರನೆಯ ಸಲ ಇನ್ನೂ ಜೋರಾಗಿ ಕೇಳಿತು.

ಸಮನ್ವಿತಾ ಅಪ್ಪನ ಮುಖ ನೋಡಿದಳು. ಸತ್ಯಭಾಮಾಳ ಕೈ ಸೆಂಟು ಹಚ್ಚಿಕೊಂಡಿದ್ದ ಕತ್ತಿನ ಮೇಲೆಯೇ ನಿಂತಿತು. ನಂದಕುಮಾರ್ ತಮ್ಮನನ್ನು ನೋಡಿದ. ಆಮೇಲೆ ಅವನ ಕಾಲ ಬಳಿಯ ನೆಲವನ್ನು ನೋಡುತ್ತ ನಿಂತ. ತಾಯಿ ಉಣ್ಣುತ್ತಿದ್ದಳು, ಯಾರೂ ಮಾತಾಡುವಂತಿರಲಿಲ್ಲ.

ಹೊತ್ತಾದ ಮೇಲೆ ಹಿರಿಯ ಮಗ ಮೂರು ಸಲ ಬಾಗಿಲು ತಟ್ಟಿ ತೆಗೆಯಬೇಕು. ನಂದಕುಮಾರ್ ಕೈಯೆತ್ತಲಿಲ್ಲ. ಪಕ್ಕಕ್ಕೆ ಸರಿದ.

"ನೀನೇ ತಟ್ಟು," ಎಂದ. "ಅವ್ವ ಕಾಯ್ತಿದ್ದಿದ್ದು ನಿನ್ನೇ."

ಸೀನು ಬಾಗಿಲಿನ ತನಕ ಹೋದ. ಎತ್ತಿದ ಕೈ ಬಾಗಿಲಿಗೆ ತಾಗಲಿಲ್ಲ. ಒಳಗೆ ಒಂದು ಸಂದೇಶ ಮುಗಿದು, ಫೋನು ತಾನಾಗಿಯೇ ಮುಂದಿನದಕ್ಕೆ ಹೋಯಿತು.

"ಎಲ್ರಿಗೂ ನಮಸ್ಕಾರ. ಸೀನು ಮಾತಾಡ್ತಿರೋದು, ಮಸ್ಕತ್ತಿಂದ."